ಬೆಟ್ಟದ ಬೇಟೆಗೆ ಹಗುರವಾದ ವಾಟರ್‌ಪ್ರೂಫ್ ಬೂಟು: ಯಾವುದು ತಗೊಳ್ಳಲಿ?

ವಿಜಯನಗರದವನು

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನನ್ನ ಅಕ್ಕ-ಭಾವ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿದ್ದಾರೆ. ಭಾವ ಪ್ರತಿ ವರ್ಷ ಮೇ ಕೊನೆಗೆ ಸದರ್ನ್ ಆಲ್ಪ್ಸ್ ಬೆಟ್ಟಗಳಿಗೆ ತಾರ್ ಬೇಟೆಗೆ ಹೋಗುತ್ತಾರೆ. ತಾರ್ ಅಂದರೆ ಒಂಥರಾ ಕಾಡು ಮೇಕೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಬಂದೂಕು ಅವರದು, ಲೈಸೆನ್ಸು-ಪರ್ಮಿಟ್ಟು ಅವರದು. ನಾನು ಜೊತೆಗೆ ನಡೆಯೋದು, ಇಳಿಯುವಾಗ ಮಾಂಸ ಹೊರೋದು. ಒಟ್ಟು ಐದು ದಿನ.

"ಹಗುರವಾದ, ನೀರು ಬಿಡದ ಬೂಟು ತಗೋ. ಅಲ್ಲೇ ಬೆಂಗಳೂರಲ್ಲಿ ಪಳಗಿಸಿಕೊಂಡು ಬಾ" ಅಂತ ಭಾವ ಹೇಳಿದ್ದಾರೆ. ಇನ್ನೂ ಐದು ತಿಂಗಳಿದೆ. ನನ್ನ ಪಾದ ಮುಂದೆ ಅಗಲ, ಹಿಮ್ಮಡಿ ಸಣ್ಣದು. ಹಿಂದೆ ಕುಮಾರ ಪರ್ವತಕ್ಕೆ ಓಡೋ ಶೂ ಹಾಕಿಕೊಂಡು ಹೋಗಿ, ಇಳಿಯುವಾಗ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಉದುರಿದ್ದವು. ಆ ನೋವು ಮತ್ತೆ ಬೇಡ.

ಅಂಗಡಿಯಲ್ಲಿ ನೋಡಿದರೆ ಜೋಡಿಗೆ 900 ಗ್ರಾಮಿನಿಂದ ಪೌಣೆ ಎರಡು ಕಿಲೋವರೆಗೆ ಇವೆ. ಎಲ್ಲದರ ಮೇಲೂ ವಾಟರ್‌ಪ್ರೂಫ್ ಅಂತಲೇ ಇದೆ. ಹೇಗೆ ಆರಿಸೋದು?

ಕಾಫಿತೋಟ

ಮಡಿಕೇರಿ ಕಡೆಯವನು, ಈಗ ಯಲಹಂಕದಲ್ಲಿದ್ದೇನೆ. ನಮ್ಮ ತೋಟದಲ್ಲಿ ಮಳೆಗಾಲ ಪೂರ್ತಿ ಗಮ್‌ಬೂಟೇ. ನೀರೂ ಬರಲ್ಲ, ಇಂಬಳವೂ ಬೇಗ ಹತ್ತಲ್ಲ. ಆದರೆ ಗಮ್‌ಬೂಟು ಹಾಕಿ ಬೆಟ್ಟ ಹತ್ತಬೇಡ ಮಾರಾಯ. ಹಿಮ್ಮಡಿ ಒಳಗೆ ಲೊಟಪಟ ಅನ್ನುತ್ತೆ, ಒಂದು ಗಂಟೆಯಲ್ಲಿ ಬೊಬ್ಬೆ ಏಳುತ್ತೆ.

ನಮ್ಮ ಅಜ್ಜನ ಕಾಲದಲ್ಲಿ ಕೈಲ್ ಮುಹೂರ್ತದ ಹಬ್ಬ ಮುಗಿದ ಮೇಲೆ ಬೇಟೆಗೆ ಹೋಗುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ನಿಂತಿದೆ. ಈಗ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತೇವೆ, ಅದೇ ಖುಷಿ. ಅಜ್ಜ ಒಂದು ಮಾತು ಹೇಳುತ್ತಿದ್ದರು: ಬೇಟೆಯಲ್ಲಿ ಕಾಲು ಸದ್ದು ಮಾಡಬಾರದು. ಅಂಗಡಿಯಲ್ಲಿ ಬೂಟು ಹಾಕಿ ನಡೆದು ನೋಡು. ಚರ್ಮ ಕಿರಕಿರ ಅಂದರೆ, ಗಟ್ಟಿ ಪ್ಲಾಸ್ಟಿಕ್ ಥರದ ಬಟ್ಟೆ ಪೊದೆಗೆ ತಗುಲಿ ಸರಸರ ಅಂದರೆ ಬೇಡ.

ಬೆಟ್ಟದ ಹುಚ್ಚಿ

ನಾನು ಹನ್ನೊಂದು ವರ್ಷದಿಂದ ಟ್ರೆಕ್ಕಿಂಗ್ ಮಾಡುತ್ತಿದ್ದೇನೆ. ಸಹ್ಯಾದ್ರಿ, ಹಿಮಾಲಯ ಎರಡೂ ಕಡೆ. ನನ್ನ ಅನುಭವದಲ್ಲಿ ಜನ ವಾಟರ್‌ಪ್ರೂಫ್ ಅನ್ನೋ ಚೀಟಿ ನೋಡಿ ಬೂಟು ತಗೋತಾರೆ. ಅದು ನೋಡಬೇಕಾದ ಮೂರನೇ ವಿಷಯ. ಮೊದಲು ಪಾದಕ್ಕೆ ಕೂರಬೇಕು. ಆಮೇಲೆ ಅಟ್ಟೆ ಎಷ್ಟು ಗಟ್ಟಿ ಅಂತ ನೋಡಬೇಕು. ಆಮೇಲೆ ನೀರಿನ ಮಾತು.

ನಿಮ್ಮ ಉಗುರು ಹೋಗಿದ್ದು ಬೂಟು ಚಿಕ್ಕದಾಗಿ, ಹಿಮ್ಮಡಿ ಹಿಡಿತ ಇಲ್ಲದೆ. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತೆ, ಪ್ರತಿ ಹೆಜ್ಜೆಗೂ ಬೆರಳು ಗೋಡೆಗೆ ಗುದ್ದಿದ ಹಾಗೆ. ಅಂಗಡಿಗೆ ಸಂಜೆ ಹೋಗಿ, ದಿನವೆಲ್ಲ ನಡೆದ ಪಾದ ಸ್ವಲ್ಪ ಊದಿರುತ್ತೆ. ಬೆಟ್ಟಕ್ಕೆ ಹಾಕೋ ದಪ್ಪ ಉಲ್ಲನ್ ಸಾಕ್ಸನ್ನೇ ತೆಗೆದುಕೊಂಡು ಹೋಗಿ. ಲೇಸ್ ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿ. ಆಗ ಹಿಮ್ಮಡಿ ಹಿಂದೆ ಒಂದು ಬೆರಳು ಸಲೀಸಾಗಿ ಇಳಿಯಬೇಕು. ಆಮೇಲೆ ಬಿಗಿಯಾಗಿ ಕಟ್ಟಿ, ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಕೆಳಮುಖವಾಗಿ ನಿಂತು ಕುಪ್ಪಳಿಸಿ. ಬೆರಳು ಮುಂದೆ ತಾಗಿದರೆ ಆ ಬೂಟು ವಾಪಸ್ ಇಡಿ, ಎಷ್ಟೇ ರಿಯಾಯಿತಿ ಇರಲಿ.

ಸರ್ಜಾಪುರ ರಸ್ತೆ ಡೆಕಾತ್ಲಾನ್‌ಗೆ ವಾರದ ದಿನ ಬೆಳಗ್ಗೆ ಹೋದರೆ ಜನ ಕಡಿಮೆ ಅಂತಾರೆ, ಆದರೆ ಬೂಟಿಗೆ ಸಂಜೆಯೇ ಸರಿ. ಒಂದು ಗಂಟೆ ಅದನ್ನೇ ಹಾಕಿಕೊಂಡು ಅಂಗಡಿ ತುಂಬ ಓಡಾಡಿ. ಯಾರೂ ಏನೂ ಅನ್ನಲ್ಲ.

ವಿಜಯನಗರದವನು

ತುಂಬಾ ಥ್ಯಾಂಕ್ಸ್ ಅಕ್ಕ. ಅಟ್ಟೆ ಗಟ್ಟಿ ಅಂದರೆ? ಹಗುರ ಬೂಟೆಲ್ಲ ಮೆತ್ತಗೇ ಇರುತ್ತಲ್ವಾ?

ಅಟ್ಟೆ

ಇದು ನನ್ನ ಕೆಲಸದ ವಿಷಯ, ಹೇಳುತ್ತೇನೆ. ಚಾಮರಾಜಪೇಟೆಯಲ್ಲಿ ನನ್ನದು ಶೂ ರಿಪೇರಿ ಅಂಗಡಿ, ಅಪ್ಪನ ಕಾಲದಿಂದ ಇದೆ.

ಬೂಟನ್ನು ಕೈಯಲ್ಲಿ ಹಿಡಿಯಿರಿ. ಒಂದು ಕೈ ಹಿಮ್ಮಡಿಗೆ, ಒಂದು ಕೈ ಮೂತಿಗೆ. ಎರಡು ಪರೀಕ್ಷೆ. ಮೊದಲು ಮಡಚಿ ನೋಡಿ: ಬೆರಳು ಬಾಗುವ ಜಾಗದಲ್ಲಿ ಮಾತ್ರ ಬಾಗಬೇಕು, ನಡುಮಧ್ಯೆ ಬಾಗಬಾರದು. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ: ಸುಲಭವಾಗಿ ತಿರುಚಿಕೊಂಡರೆ ಒಳಗೆ ಶ್ಯಾಂಕ್ ಇಲ್ಲ, ಇದ್ದರೂ ತೆಳು. ಶ್ಯಾಂಕ್ ಅಂದರೆ ಅಟ್ಟೆಯ ಹೊಟ್ಟೆಯಲ್ಲಿ ಕೂತಿರುವ ಸ್ಟೀಲು ಅಥವಾ ನೈಲಾನ್ ಪಟ್ಟಿ. ಗುಡ್ಡದ ಪಕ್ಕೆಯಲ್ಲಿ ಅಡ್ಡ ನಡೆಯುವಾಗ ಬೂಟಿನ ಅಂಚು ಮಾತ್ರ ನೆಲಕ್ಕೆ ಕಚ್ಚಿರುತ್ತೆ. ಆ ಪಟ್ಟಿ ಇಲ್ಲದಿದ್ದರೆ ಅಟ್ಟೆ ತಿರುಚಿಕೊಂಡು, ಕೆಲಸ ಪೂರ್ತಿ ಮೀನಖಂಡದ ಮೇಲೆ ಬೀಳುತ್ತೆ.

ಆಮೇಲೆ ಸುತ್ತಲಿನ ರಬ್ಬರ್ ಪಟ್ಟಿ ನೋಡಿ. ಕಲ್ಲಿಗೆ ಉಜ್ಜಿ ಮೊದಲು ಹರಿಯೋದು ಅಟ್ಟೆ ಮತ್ತು ಚರ್ಮ ಸೇರುವ ಆ ಅಂಚೇ. ಹೊಲಿಗೆ ಜಾಸ್ತಿ ಇದ್ದಷ್ಟೂ ನೀರಿಗೆ ದಾರಿ ಜಾಸ್ತಿ. ಒಂದೇ ತುಂಡು ಚರ್ಮದಲ್ಲಿ ಮಾಡಿದ್ದು ಹೆಚ್ಚು ಬಾಳುತ್ತೆ.

ತಳದಲ್ಲಿ ಹಳದಿ ಎಂಟು ಮೂಲೆಯ ಗುರುತಿದ್ದರೆ ಅದು ವೈಬ್ರಂ ರಬ್ಬರ್. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಆರು ಜನ ಜೊತೆಗಾರರು ಬೆಟ್ಟದಲ್ಲಿ ಸತ್ತರು, ಸರಿಯಾದ ಬೂಟಿಲ್ಲದ್ದೂ ಅದಕ್ಕೆ ಕಾರಣ ಅಂತ ವಿತಾಲೆ ಬ್ರಮಾನಿ ಎಂಬ ಪರ್ವತಾರೋಹಿಗೆ ಅನಿಸಿತು. ಎರಡು ವರ್ಷದಲ್ಲಿ ಆಳ ಹಲ್ಲಿನ ರಬ್ಬರ್ ಅಟ್ಟೆ ತಂದ. ಅವನ ಹೆಸರಿನ ಅಕ್ಷರಗಳೇ ಆ ಕಂಪನಿಯ ಹೆಸರು. ನನ್ನ ಅಂಗಡಿಗೆ ಆ ಅಟ್ಟೆ ಬಂದಾಗಲೆಲ್ಲ ಈ ಕಥೆ ನೆನಪಾಗುತ್ತೆ.

ಹಳೇ ಫೌಜಿ

ತೂಕದ ಬಗ್ಗೆ. ಕಾಲಿನ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ಐದು ಕಿಲೋಗೆ ಸಮ ಅಂತ ನಮಗೆ ಹೇಳಿಕೊಡುತ್ತಿದ್ದರು. ಬರೀ ಮಾತಲ್ಲ, ಅಳತೆ ಮಾಡಿದವರೂ ಹೆಚ್ಚುಕಡಿಮೆ ಅದೇ ಹೇಳಿದ್ದಾರೆ. ಪ್ರತಿ ಹೆಜ್ಜೆಗೂ ಎತ್ತಿ ಮುಂದಿಟ್ಟು ನಿಲ್ಲಿಸಬೇಕಲ್ಲ. ಹಾಗಾಗಿ ಜೋಡಿಗೆ ಅರ್ಧ ಕಿಲೋ ಉಳಿಸಿದರೆ ಎರಡೂವರೆ ಕಿಲೋ ಹೊರೆ ಇಳಿಸಿದ ಲೆಕ್ಕ. ಭಾವ ಹಗುರ ಅಂದದ್ದು ಅದಕ್ಕೇ.

ಆದರೆ ಹೊರೆ ಹೊತ್ತು ಇಳಿಯುವವನಿಗೆ ಅತಿ ಹಗುರವೂ ಒಳ್ಳೆಯದಲ್ಲ. ದೊಡ್ಡ ಗಂಡು ತಾರ್ 70 ಕಿಲೋ ದಾಟುತ್ತೆ ಅಂತ ಓದಿದ್ದೇನೆ. ಅದರಲ್ಲಿ ಮಾಂಸ ಇಪ್ಪತ್ತು ಕಿಲೋ ನಿಮ್ಮ ಬೆನ್ನಿಗೆ ಬಂದರೂ ಕಾಲಿನ ಗಂಟು ಉಳುಕೋದಕ್ಕೆ ಅಷ್ಟು ಸಾಕು. ಗಂಟು ಮುಚ್ಚುವ ಎತ್ತರ ಇರಲಿ, ಜೋಡಿಗೆ 1.2ರಿಂದ 1.4 ಕಿಲೋ ನಡುವೆ ನೋಡಿ. ಸಿಕ್ಕಿಂ ಗಡಿಯಲ್ಲಿ ಮೂರು ಚಳಿಗಾಲ ಕಳೆದವನ ಅಂದಾಜು ಇದು.

ಹಸಿರೇ ಉಸಿರು

ಬೂಟಿನ ಮಾತು ಆಮೇಲೆ. ಮೋಜಿಗೆ ಪ್ರಾಣಿ ಕೊಲ್ಲೋದಕ್ಕೆ ಇಷ್ಟೊಂದು ಸಲಹೆ ಕೊಡುತ್ತಿದ್ದೀರಲ್ಲ, ಮನಸ್ಸಿಗೆ ಕಷ್ಟವಾಯಿತು. ಅದೇ ಹಿಮಾಲಯದ ತಾರ್ ನಮ್ಮ ದೇಶದಲ್ಲಿ ರಕ್ಷಿತ ಪ್ರಾಣಿ.

ಕ್ರೈಸ್ಟ್‌ಚರ್ಚ್ ಕನ್ನಡಿಗ

ನಿಮ್ಮ ಕಷ್ಟ ಅರ್ಥವಾಗುತ್ತೆ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿನ ಕಥೆ ಬೇರೆ. ಈ ದ್ವೀಪಗಳಲ್ಲಿ ನೆಲದ ಮೇಲೆ ಬಾವಲಿ ಬಿಟ್ಟರೆ ಮೂಲದ ಸಸ್ತನಿಯೇ ಇರಲಿಲ್ಲ. ತಾರ್‌ಗಳನ್ನು 1904ರಲ್ಲಿ ಬೇಟೆಯ ಆಟಕ್ಕೆಂದು ಹೊರಗಿನಿಂದ ತಂದು ಮೌಂಟ್ ಕುಕ್ ಬಳಿ ಬಿಟ್ಟರು. ಇಲ್ಲಿ ಅವನ್ನು ತಿನ್ನುವ ಪ್ರಾಣಿ ಇಲ್ಲ. ಎತ್ತರದ ಹುಲ್ಲು, ಹೂಗಿಡ ಎಲ್ಲ ಮೇಯ್ದು ಬೋಳು ಮಾಡಿದವು. 1993ರ ಸರ್ಕಾರಿ ಯೋಜನೆ ಪ್ರಕಾರ ಹತ್ತು ಸಾವಿರ ದಾಟಬಾರದು. ಸರ್ಕಾರವೇ ಹೆಲಿಕಾಪ್ಟರಿನಿಂದ ಕಡಿಮೆ ಮಾಡಿಸುತ್ತೆ. ನಮ್ಮ ಹಿಮಾಲಯದಲ್ಲಿ ಉಳಿಸಬೇಕಾದ ಪ್ರಾಣಿಯೇ ಇಲ್ಲಿ ಬೇರೊಂದನ್ನು ಅಳಿಸುತ್ತಿದೆ. ಮನೆಗೆ ತಂದ ಮಾಂಸ ತಿನ್ನುತ್ತಾರೆ ಕೂಡ.

ಈಗ ಬೂಟು. ಇಲ್ಲಿ ನಡೆಯೋನಾಗಿ ಒಂದು ಮಾತು ಸ್ಪಷ್ಟ ಹೇಳುತ್ತೇನೆ: ನೀರು ಬೂಟಿನ ಮೇಲಿನಿಂದ ಬರುತ್ತೆ. ಕಣಿವೆಗೆ ಹೋಗಲು ನದಿ ದಾಟಬೇಕು, ಸೇತುವೆ ಇರಲ್ಲ. ಮೊಣಕಾಲುದ್ದ ನೀರಿಗೆ ಇಳಿದರೆ, ವಾಟರ್‌ಪ್ರೂಫ್ ಬೂಟಿನ ಒಳಗೆ ನೀರು ತಡೆಯಲು ಹಾಕಿರುವ ತೆಳು ಪೊರೆ ಏನು ಮಾಡುತ್ತೆ? ಒಳಗೆ ಬಂದ ನೀರನ್ನು ಅದೇ ಪೊರೆ ಹೊರಗೂ ಬಿಡಲ್ಲ, ಬಕೆಟ್ಟಿನ ಹಾಗೆ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ಇಲ್ಲಿನ ಹಳೇ ಬೇಟೆಗಾರರು ಪೊರೆ ಇಲ್ಲದ ದಪ್ಪ ಚರ್ಮದ ಬೂಟಿಗೆ ಮೇಣ ಹಚ್ಚಿಕೊಂಡು, ಒದ್ದೆಯಾದರೆ ಆಗಲಿ ಅಂತ ನಡೆಯುತ್ತಾರೆ.

ಬೆಟ್ಟದ ಹುಚ್ಚಿ

ಒಪ್ಪಲಾರೆ ಸರ್. ನದಿ ದಿನಕ್ಕೆ ಒಂದೆರಡು ಸಲ. ಬೆಳಗಿನ ಇಬ್ಬನಿ ಹುಲ್ಲು, ಕರಗುವ ಹಿಮ ದಿನವಿಡೀ. ಆ ನೀರಿಗೆ ಪೊರೆ ಚೆನ್ನಾಗಿ ತಡೆ ಕೊಡುತ್ತೆ.

ಇನ್ನೊಂದು ವಿಷಯ ಬೆಂಗಳೂರಿನವರು ತಪ್ಪು ತಿಳಿಯುತ್ತಾರೆ. ಗೋರ್‌ಟೆಕ್ಸ್ ಥರದ ಪೊರೆ ಕೆಲಸ ಮಾಡೋದು ಹೀಗೆ: ಅದರ ತೂತುಗಳು ನೀರ ಹನಿಗಿಂತ ಬಹಳ ಚಿಕ್ಕವು, ಬೆವರಿನ ಆವಿಗೆ ಸಾಕಷ್ಟು ದೊಡ್ಡವು. ಒಳಗೆ ಬಿಸಿ-ತೇವ, ಹೊರಗೆ ತಂಪು-ಒಣ ಇದ್ದಾಗ ಆವಿ ಹೊರಗೆ ಹೋಗುತ್ತೆ. ಜುಲೈನಲ್ಲಿ ಆಗುಂಬೆಯಲ್ಲಿ ಹೊರಗೂ ಅಷ್ಟೇ ತೇವ, ಆವಿ ಎಲ್ಲಿಗೆ ಹೋಗಬೇಕು? ಕಾಲು ಬೆವರಲ್ಲೇ ನೆನೆಯುತ್ತೆ. "ವಾಟರ್‌ಪ್ರೂಫ್ ಬೂಟು ಸೋರುತ್ತೆ" ಅಂತ ವಾಪಸ್ ಕೊಡಲು ಬರುವವರಲ್ಲಿ ಎಷ್ಟೋ ಜನರ ಬೂಟು ಸೋರಿರೋದೇ ಇಲ್ಲ. ಸಹ್ಯಾದ್ರಿ ಮಳೆಗೆ ನಾನು ಬೇಗ ಒಣಗುವ ಜಾಲರಿ ಶೂ ಹಾಕುತ್ತೇನೆ, ಹಿಮಾಲಯಕ್ಕೆ ಪೊರೆ ಇರುವ ಬೂಟು. ನ್ಯೂಜಿಲೆಂಡಿನಲ್ಲಿ ಮೇ ಅಂದರೆ ಚಳಿಗಾಲದ ಬಾಗಿಲು. ಪೊರೆಗೆ ಅದು ಸರಿಯಾದ ಜಾಗ.

ಕ್ರೈಸ್ಟ್‌ಚರ್ಚ್ ಕನ್ನಡಿಗ

ಆ ಮಾತು ನಿಜ. ಚಳಿಗೆ ಪೊರೆ ಇರಲಿ, ಒಪ್ಪಿದೆ. ಆದರೆ ಗೇಟರ್ ಇಲ್ಲದೆ ಬರಬೇಡಿ. ಬೂಟಿನ ಬಾಯಿಂದ ಮೊಣಕಾಲವರೆಗೆ ಕಟ್ಟುವ ಆ ಬಟ್ಟೆ ಹಿಮ, ಇಬ್ಬನಿ ಎರಡನ್ನೂ ತಡೆಯುತ್ತೆ. ಇಲ್ಲಿ ಸ್ಪಿಯರ್‌ಗ್ರಾಸ್ ಅಂತ ಒಂದು ಗಿಡ ಇದೆ, ಕತ್ತಾಳೆಯ ಮೊನೆಯ ಹಾಗೆ ಚುಚ್ಚುತ್ತೆ. ಅದಕ್ಕೂ ಗೇಟರೇ ಗತಿ. ಹಾವಿನ ಭಯ ಮಾತ್ರ ಬೇಡ, ಇಡೀ ದೇಶದಲ್ಲಿ ನೆಲದ ಹಾವಿಲ್ಲ.

ಹಿಮ ಗಟ್ಟಿಯಾಗಿದ್ದರೆ ಕ್ರಾಂಪಾನ್, ಅಂದರೆ ಬೂಟಿನ ತಳಕ್ಕೆ ಕಟ್ಟುವ ಲೋಹದ ಮುಳ್ಳುಹಲ್ಲು, ಕಟ್ಟಬೇಕಾಗುತ್ತೆ. ಮೆತ್ತನೆ ಅಟ್ಟೆಯ ಬೂಟಿಗೆ ಅದು ನಿಲ್ಲಲ್ಲ, ನಡೆಯುವಾಗಲೇ ಕಳಚುತ್ತೆ. ಯಾವ ಥರದ್ದು ಕಟ್ಟುತ್ತಾರೆ ಅಂತ ಭಾವನನ್ನು ಈಗಲೇ ಕೇಳಿ.

ಅಟ್ಟೆ

ಒಂದು ಎಚ್ಚರಿಕೆ. ಯಾರಾದರೂ "ನನ್ನ ಹಳೇ ಬೂಟಿದೆ, ಒಂದೇ ಸಲ ಹಾಕಿದ್ದು, ತಗೊಂಡು ಹೋಗು" ಅಂದರೆ ಬೇಡ ಅನ್ನಿ.

ಕಳೆದ ವರ್ಷ ಒಬ್ಬರು ಎಂಟು ವರ್ಷ ಅಟ್ಟದ ಮೇಲಿಟ್ಟಿದ್ದ ದುಬಾರಿ ಬೂಟು ತಂದರು. ಮೇಲೆ ಚರ್ಮ ಹೊಸದರ ಹಾಗೆ ಹೊಳೆಯುತ್ತಿತ್ತು. ನಾನು ಹೆಬ್ಬೆರಳಲ್ಲಿ ನಡು ಅಟ್ಟೆ ಒತ್ತಿದೆ. ಒಣಗಿದ ಮೈಸೂರುಪಾಕಿನ ಹಾಗೆ ಉದುರಿತು. ಬೆರಳಿಗೆ ಅಂಟಂಟು ಹುಡಿ. ಅದು ಪಾಲಿಯುರೆಥೇನ್ ಅಟ್ಟೆ. ಗಾಳಿಯ ತೇವ ಅದನ್ನು ಒಳಗಿಂದಲೇ ಮುರಿಯುತ್ತಾ ಹೋಗುತ್ತೆ. ಹಾಕದೆ ಮುಚ್ಚಿಟ್ಟರೆ ಇನ್ನೂ ಬೇಗ. ಅವರು ಮಾರನೇ ದಿನ ಹಿಮಾಲಯಕ್ಕೆ ಹೊರಡುವವರಿದ್ದರು. ಬೆಟ್ಟದ ಮೇಲೆ ಅಟ್ಟೆ ಕಳಚಿದ್ದರೆ ಗತಿ ಏನು? ಈವಿಎ ಅನ್ನೋ ಇನ್ನೊಂದು ಥರದ ಫೋಮ್ ಅಟ್ಟೆಗೆ ಈ ಕಾಯಿಲೆ ಇಲ್ಲ, ಆದರೆ ಹೊರೆ ಹೊತ್ತರೆ ಅದು ಬೇಗ ಚಪ್ಪಟೆಯಾಗುತ್ತೆ. ಹೊಸ ಬೂಟು ಕೊಳ್ಳುವಾಗಲೂ ಡಬ್ಬಿಯ ಮೇಲೆ ತಯಾರಾದ ತಿಂಗಳು ನೋಡಿ.

ವಿಜಯನಗರದವನು

ಎಲ್ಲ ಓದಿಕೊಂಡು ನಾಲ್ಕು ಅಂಗಡಿ ಸುತ್ತಿದೆ. ಹನ್ನೆರಡು ಜೋಡಿ ಹಾಕಿ ನೋಡಿದೆ. ಕೊನೆಗೆ ಒಂದು ತಗೊಂಡೆ: ಗಂಟು ಮುಚ್ಚುವ ಎತ್ತರ, ಚರ್ಮದ ಮೇಲ್ಮೈ, ಒಳಗೆ ಪೊರೆ, ಸುತ್ತ ರಬ್ಬರ್ ಪಟ್ಟಿ, ಜೋಡಿಗೆ 1.3 ಕಿಲೋ. ನನ್ನ ಮಾಮೂಲಿ ಅಳತೆಗಿಂತ ಅರ್ಧ ಸೈಜ್ ದೊಡ್ಡದು. ನನಗೆ ಇಷ್ಟವಾಗಿದ್ದ ಒಂದು ಕಿಲೋ ಬೂಟು ತಿರುಚುವ ಪರೀಕ್ಷೆಯಲ್ಲಿ ಒದ್ದೆ ಬಟ್ಟೆಯ ಹಾಗೆ ಸುತ್ತಿಕೊಂಡಿತು, ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆ.

ಈಗ ಪಳಗಿಸೋದು ಹೇಗೆ?

ಹಳೇ ಫೌಜಿ

ಮೊದಲ ವಾರ ಮನೆಯೊಳಗೆ, ಬೆಳಗ್ಗೆ ಹಾಲು ತರೋಕೆ. ಎರಡನೇ ವಾರ ಲಾಲ್‌ಬಾಗ್ ಬಂಡೆ ಹತ್ತಿ ಇಳಿಯಿರಿ. ಮೂರನೇ ವಾರದಿಂದ ಬ್ಯಾಗಿಗೆ ಹತ್ತು ಕಿಲೋ ಅಕ್ಕಿ ಮೂಟೆ ಹಾಕಿಕೊಂಡು ಮೆಟ್ಟಿಲು. ಮೈಸೂರಿಗೆ ಹೋಗುವುದಿದ್ದರೆ ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಇಳಿಯಿರಿ, ಬೆರಳಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಸಾವನದುರ್ಗದ ಬಂಡೆಯ ಮೇಲೆ ಅಡ್ಡ ನಡೆದು ಅಭ್ಯಾಸ ಮಾಡಿ, ಒಣಗಿರುವಾಗ ಮಾತ್ರ. ಒದ್ದೆ ಬಂಡೆಯಲ್ಲಿ ಯಾವ ಅಟ್ಟೆಯೂ ನಂಬಿಕೆಗೆ ಅಲ್ಲ.

ಹಿಮ್ಮಡಿ ಸಣ್ಣದು ಅಂದಿರಲ್ಲ, ಗಂಟಿನ ಬಳಿಯ ಕೊಕ್ಕೆಗೆ ಹೋಗುವ ಮೊದಲು ಲೇಸನ್ನು ಒಂದರ ಸುತ್ತ ಒಂದು ಎರಡು ಸಲ ತಿರುಗಿಸಿ ಎಳೆಯಿರಿ. ಕೆಳಗಿನ ಬಿಗಿ ಸಡಿಲವಾಗದೆ ಅಲ್ಲೇ ನಿಲ್ಲುತ್ತೆ. ಎಲ್ಲಾದರೂ ಬಿಸಿ ಅನಿಸಿದರೆ ಅಲ್ಲೇ ಕೂತು ಟೇಪ್ ಹಾಕಿ. ಬೊಬ್ಬೆ ಎದ್ದ ಮೇಲೆ ಹಾಕಿ ಪ್ರಯೋಜನವಿಲ್ಲ. ಹತ್ತಿ ಸಾಕ್ಸ್ ಬೇಡವೇ ಬೇಡ. ಒಂದು ಜೊತೆ ಒಣ ಉಲ್ಲನ್ ಸಾಕ್ಸ್ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಅದು ಮಲಗುವಾಗ ಮಾತ್ರ. ಹಗಲು ಒದ್ದೆಯಾದ ಕಾಲು ರಾತ್ರಿ ಒಣಗಲೇಬೇಕು.

ಕ್ರೈಸ್ಟ್‌ಚರ್ಚ್ ಕನ್ನಡಿಗ

ಪಳಗಿಸಿದ ಮೇಲೆ ಮರೆಯದೆ ತೊಳೆಯಿರಿ. ಇಲ್ಲಿನ ವಿಮಾನ ನಿಲ್ದಾಣದಲ್ಲಿ ಬೂಟಿನ ಮಣ್ಣಿಗೆ ಬಹಳ ಕಟ್ಟುನಿಟ್ಟು. ಬೇರೆ ದೇಶದ ಬೀಜ, ರೋಗ ಬರಬಾರದು ಅಂತ. ದೇಶಕ್ಕೆ ಬರುವಾಗ ತುಂಬುವ ಘೋಷಣೆಯಲ್ಲಿ ಬೆಟ್ಟ ಹತ್ತಿದ ಬೂಟು ಇದೆ ಅಂತ ಬರೆಯಲೇಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ.

ವಿಜಯನಗರದವನು

ನಿನ್ನೆ ಸಂಜೆ ಅದೇ ಕೆಲಸ. ಸಾವನದುರ್ಗದ ಮಣ್ಣು ಅಟ್ಟೆಯ ಹಲ್ಲಿನ ಸಂದಿಯಲ್ಲಿ ಗಾರೆಯ ಹಾಗೆ ಕೂತಿತ್ತು. ಹಳೇ ಟೂತ್‌ಬ್ರಶ್ ಸಾಕಾಗಲಿಲ್ಲ. ಅಮ್ಮ ಹಂಚಿಕಡ್ಡಿ ತಂದುಕೊಟ್ಟರು, ಒಂದೊಂದೇ ಸಂದಿ ಕೆರೆದೆ. ಎಡಗಾಲಿನ ನಾಲಗೆಯ ಮಡಿಕೆಯಲ್ಲಿ ಎರಡು ಹುಲ್ಲಿನ ಬೀಜ ಸಿಕ್ಕವು! ಬಿಟ್ಟಿದ್ದರೆ ಅಲ್ಲಿಯವರೆಗೂ ಬಂದುಬಿಡುತ್ತಿದ್ದವು.

ತೊಳೆದ ಮೇಲೆ ಬಕೆಟ್ಟಿನಲ್ಲಿ ಗಂಟಿನ ಕೆಳಗಿನವರೆಗೆ ನೀರು ತುಂಬಿ, ಬೂಟು ಹಾಕಿಕೊಂಡು ಇಪ್ಪತ್ತು ನಿಮಿಷ ಕಾಲು ಇಳಿಬಿಟ್ಟು ಕೂತೆ. ಸಾಕ್ಸ್ ಒಣಗಿಯೇ ಇತ್ತು. ಹೊರಡೋದು ಇಪ್ಪತ್ತನೇ ತಾರೀಕು.

ಕಾಫಿತೋಟ

ಹೋಗಿ ಬಾ. ವಾಪಸ್ ಬಂದು ಬರಿ, ಮರೀಬೇಡ.

ವಿಜಯನಗರದವನು

ಬಂದು ಒಂದು ವಾರವಾಯಿತು. ಕೇಳಿದವರೆಲ್ಲರಿಗೂ ಬರೆಯುತ್ತಿದ್ದೇನೆ.

ವಿಮಾನ ನಿಲ್ದಾಣದಲ್ಲಿ ಬೂಟು ತೆಗೆಸಿ, ಟಾರ್ಚ್ ಹಾಕಿ ತಳ ನೋಡಿದರು. ತುಂಬಾ ಕ್ಲೀನ್ ಆಗಿದೆ ಅಂತ ವಾಪಸ್ ಕೊಟ್ಟರು. ಅಮ್ಮನಿಗೆ ಫೋನ್ ಮಾಡಿ ಮೊದಲು ಹೇಳಿದ್ದು ಅದನ್ನೇ.

ಮೊದಲ ದಿನವೇ ನದಿ. ಭಾವ ಬೂಟು ಸಮೇತ ಇಳಿದುಬಿಟ್ಟರು. ನಾನು ಬಿಚ್ಚಲು ಹೋದೆ, ಬೇಡ ಅಂದರು, ಬರಿಗಾಲಲ್ಲಿ ಕಲ್ಲು ಜಾರಿದರೆ ಕಾಲೇ ಹೋಗುತ್ತೆ ಅಂತ. ನೀರು ಬೂಟಿನ ಬಾಯಿಂದ ಒಳಗೆ ಸುರಿಯಿತು. ಆ ಚಳಿ ಮಾತಲ್ಲಿ ಹೇಳೋಕಾಗಲ್ಲ, ಮೂಳೆಗೆ ಸೂಜಿ ಇಟ್ಟ ಹಾಗಿತ್ತು. ದಡದಲ್ಲಿ ಬೂಟು ಬೋರಲು ಹಾಕಿ, ಸಾಕ್ಸ್ ಹಿಂಡಿ ಮತ್ತೆ ಹಾಕಿಕೊಂಡೆವು. ಭಾವನ ಹಳೇ ಚರ್ಮದ ಬೂಟು ಮಾರನೇ ದಿನ ಮಧ್ಯಾಹ್ನಕ್ಕೆ ಹೆಚ್ಚುಕಡಿಮೆ ಒಣಗಿತ್ತು. ನನ್ನದು ಮೂರನೇ ದಿನವೂ ಒಳಗೆ ಹಸಿ. ಕ್ರೈಸ್ಟ್‌ಚರ್ಚ್ ಕನ್ನಡಿಗರೇ, ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ನದಿ ದಾಟಿದ ಮೇಲಿನ ಮೂರು ದಿನ ಹೊಸ ನೀರು ಒಂದು ಹನಿ ಒಳಗೆ ಬರಲಿಲ್ಲ, ಹಿಮದ ಹುಲ್ಲಿನಲ್ಲಿ ದಿನವಿಡೀ ನಡೆದರೂ. ಬೆಟ್ಟದ ಹುಚ್ಚಿ ಅಕ್ಕ, ನಿಮ್ಮದೂ ನಿಜ.

ಎರಡನೇ ರಾತ್ರಿ ನಾವು ತಂಗಿದ್ದ ಬೆಟ್ಟದ ಗುಡಿಸಲಿನಲ್ಲಿ ಬೂಟು ಬಾಗಿಲ ಬಳಿ ಬಿಟ್ಟಿದ್ದೆ. ಬೆಳಗ್ಗೆ ಲೇಸ್ ಕಡ್ಡಿಯ ಹಾಗೆ ಸೆಟೆದು ನಿಂತಿತ್ತು. ಚರ್ಮ ಕಾಲು ತೂರಿಸಲು ಆಗದಷ್ಟು ಗಟ್ಟಿ. ಒಲೆ ಪಕ್ಕ ಇಡಲು ಹೋದೆ, ಭಾವ ತಡೆದರು: ಬಿಸಿಗೆ ಅಂಟು ಬಿಟ್ಟುಹೋಗುತ್ತೆ. ಅಂದಿನಿಂದ ಕವರಿನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಕಾಲ ಕಡೆ ಇಟ್ಟುಕೊಂಡು ಮಲಗಿದೆ.

ನಾಲ್ಕನೇ ದಿನ ಭಾವ ಒಂದು ಹೆಣ್ಣು ತಾರ್ ಹೊಡೆದರು. ಅಲ್ಲಿಂದ ಇಳಿಯಲು ನಾಲ್ಕೂವರೆ ಗಂಟೆ, ನನ್ನ ಬೆನ್ನಿಗೆ ಹದಿನಾಲ್ಕು ಕಿಲೋ ಮಾಂಸ. ಅರ್ಧ ದಾರಿ ಹುಲ್ಲಿನ ಪಕ್ಕೆಯಲ್ಲಿ ಅಡ್ಡ ನಡಿಗೆ, ಕೆಳಗೆ ನೋಡಿದರೆ ಹೊಟ್ಟೆ ತಣ್ಣಗಾಗುತ್ತೆ. ಬೂಟಿನ ಅಂಚು ಪ್ರತಿ ಹೆಜ್ಜೆಗೂ ಕಚ್ ಅಂತ ಕಚ್ಚಿ ನಿಂತಿತು. ಆ ಒಂದು ಕಿಲೋದ ಬೂಟು ತಂದಿದ್ದರೆ ಅಂತ ಒಂದು ಕ್ಷಣ ಯೋಚಿಸಿ, ಅಟ್ಟೆ ಅವರಿಗೆ ಮನಸ್ಸಲ್ಲೇ ಕೈ ಮುಗಿದೆ. ಹತ್ತು ಉಗುರೂ ಇವೆ. ಬಲ ಹಿಮ್ಮಡಿಯಲ್ಲಿ ಒಂದು ಚಿಕ್ಕ ಬೊಬ್ಬೆ, ಅಷ್ಟೇ.

ಅಟ್ಟೆ ಅವರೇ, ಎಡ ಬೂಟಿನ ಮೂತಿಯಲ್ಲಿ ರಬ್ಬರ್ ಪಟ್ಟಿ ಅರ್ಧ ಇಂಚು ಎದ್ದಿದೆ, ಒಂದು ಕಲ್ಲಿಗೆ ಜೋರಾಗಿ ಎಡವಿದ್ದೆ. ಶನಿವಾರ ತರಲೇ?

ಅಟ್ಟೆ

ತನ್ನಿ. ಆದರೆ ಅದಕ್ಕೆ ಮೊದಲು ಒಳ ಅಟ್ಟೆ ತೆಗೆದು, ಪೇಪರ್ ತುರುಕಿ, ನೆರಳಲ್ಲಿ ಎರಡು ದಿನ ಇಡಿ. ಪೂರ್ತಿ ಒಣಗದಿದ್ದರೆ ಅಂಟು ಹಿಡಿಯಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅಂಗಡಿ ಮುಚ್ಚಿರುತ್ತೆ, ಆಮೇಲೆ ಬನ್ನಿ.